ಸ್ಪಾರ್ಕ್ಲಿಂಗ್ ವೈನ್ ಬಾಟಲಿ ಮನೆಯಲ್ಲಿ ತೆಗೆಯುವುದು ಹೇಗೆ? ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೆಲ್ಲ ತೋಟದ ಮನೆಯ ಪಾರ್ಟಿ ಎಂದರೆ ವಿಸ್ಕಿ, ರಮ್, ಬಿಯರ್. ಈಗ ಹೊಸ ವರ್ಷಕ್ಕೆ, ಎಂಗೇಜ್‌ಮೆಂಟಿಗೆ, ಮದುವೆಯಾಗಿ 25 ವರ್ಷ ತುಂಬಿದ್ದಕ್ಕೆ ಬೆಂಗಳೂರಿನಿಂದ ಬರುವ ನೆಂಟರು ಒಂದು ಸ್ಪಾರ್ಕ್ಲಿಂಗ್ ವೈನ್, ಅಂದರೆ ಶಾಂಪೇನಿನ ಹಾಗೆ ಗುಳ್ಳೆ ಏಳುವ ವೈನ್, ತಂದೇ ತರುತ್ತಾರೆ. ತಂದವರು ಅದನ್ನು ಮೇಜಿನ ಮೇಲಿಟ್ಟು ಅಂಗಳಕ್ಕೆ ಹೋಗಿಬಿಡುತ್ತಾರೆ. ತೆಗೆಯುವ ಕೆಲಸ ಮನೆಯವರ ತಲೆಗೆ ಬರುತ್ತದೆ. ಹೋಮ್‌ಸ್ಟೇ ನಡೆಸುವವರಿಗಂತೂ ಡಿಸೆಂಬರ್ ಕೊನೆಯ ವಾರ ಇದೇ ಕೆಲಸ. ಅಂಥವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ "ಸರಿ, ತೆಗೆಯುವುದು ಹೇಗೆ?" ಅನ್ನುವುದನ್ನೂ ಕಣ್ಣಿಗೆ ಪೆಟ್ಟಾದಾಗ ಏನು ಮಾಡಬೇಕು ಅನ್ನುವುದನ್ನೂ ಓದಿಬಿಡಿ.

ಬರೀ ಕಾರ್ಕ್ ಅಲ್ವಾ? ಅದಕ್ಕೆ ಇಷ್ಟೊಂದು ಹೆದರಬೇಕಾ?

ಹೆದರುವುದು ಬೇಡ, ಲೆಕ್ಕ ತಿಳಿದಿದ್ದರೆ ಸಾಕು. ಶಾಂಪೇನ್ ಮಾದರಿಯ ಬಾಟಲಿಯೊಳಗೆ ಸಾಮಾನ್ಯವಾಗಿ 5ರಿಂದ 6 ಬಾರ್ (ಬಾರ್ ಅಂದರೆ ಒತ್ತಡ ಅಳೆಯುವ ಮಾನ) ಒತ್ತಡ ಇರುತ್ತದೆ. ನಿಮ್ಮ ಕಾರಿನ ಟಯರಿಗೆ ಹಾಕಿಸುವ ಗಾಳಿ ಎರಡು, ಎರಡೂವರೆ ಬಾರ್. ಅಂದರೆ ಟಯರಿನ ಎರಡು ಪಟ್ಟಿಗಿಂತಲೂ ಜಾಸ್ತಿ. 750 ಮಿ.ಲೀ. ವೈನಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡನ್ನೆಲ್ಲ ಹೊರಗೆ ಬಿಟ್ಟರೆ ಸುಮಾರು 5 ಲೀಟರ್ ಗ್ಯಾಸ್ ಆಗುತ್ತದೆ. ತಂತಿ ಬಿಚ್ಚಿದ ಮೇಲೆ ಇಷ್ಟನ್ನೂ ತಡೆದು ಹಿಡಿದಿರುವುದು ಕಾರ್ಕಿಗೂ ಗಾಜಿಗೂ ನಡುವಿನ ಬಿಗಿ ಮಾತ್ರ.

ಆ ಬಿಗಿ ಒಮ್ಮೆ ಸಡಿಲವಾದರೆ ಕಾರ್ಕ್ ಗಂಟೆಗೆ ಸುಮಾರು 80 ಕಿ.ಮೀ. ವೇಗದವರೆಗೂ ಹಾರಬಹುದು ಎಂದು ಕಣ್ಣಿನ ಡಾಕ್ಟರುಗಳು ಎಚ್ಚರಿಸುತ್ತಾರೆ. ಬಾಟಲಿಯ ಮೇಲೆ ಬಗ್ಗಿದವರ ಮುಖಕ್ಕೂ ಕಾರ್ಕಿಗೂ ಎರಡು ಅಡಿ ಅಂತರವೂ ಇರುವುದಿಲ್ಲ. ರೆಪ್ಪೆ ಮುಚ್ಚಲು ಕೂಡ ಸಮಯ ಸಿಗುವುದಿಲ್ಲ. ಕಾರ್ಕ್ ಬೇರೆ ಕಣ್ಣಿನ ಗೂಡಿನೊಳಗೆ ಹಿಡಿಸುವಷ್ಟು ಚಿಕ್ಕದು. ಹಾಗಾಗಿ ಮೂಳೆ ತಡೆಯುವುದಿಲ್ಲ, ಪೆಟ್ಟು ನೇರ ಗುಡ್ಡೆಗೇ ಬೀಳುತ್ತದೆ. ಒಳಗೆ ರಕ್ತ ಸುರಿಯಬಹುದು, ಲೆನ್ಸ್ ಜರುಗಬಹುದು, ಹಿಂದಿನ ಪರದೆ ಕಿತ್ತು ಬರಬಹುದು.

2022ರ ಮೇ 17ರಂದು ಇಟಲಿಯ ಜಿರೋ ಸೈಕಲ್ ರೇಸಿನ 10ನೇ ಹಂತವನ್ನು ಎರಿಟ್ರಿಯಾದ ಬಿನಿಯಂ ಗಿರ್ಮಾಯ್ ಗೆದ್ದರು. ವೇದಿಕೆಯ ಮೇಲೆ ಪ್ರೊಸೆಕೊ ಎಂಬ ಸ್ಪಾರ್ಕ್ಲಿಂಗ್ ವೈನಿನ ಬಾಟಲಿ ತೆಗೆಯುವಾಗ ಕಾರ್ಕ್ ಅವರ ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆಗೆ ಹೋಗಬೇಕಾಯಿತು, ಮರುದಿನ ರೇಸಿಗೆ ಇಳಿಯಲಿಲ್ಲ. ನೂರಾರು ಕಿಲೋಮೀಟರ್ ಸೈಕಲ್ ತುಳಿದವರನ್ನು ಮನೆಗೆ ಕಳಿಸಿದ್ದು ಒಂದು ಕಾರ್ಕ್.

ಶಾಂಪೇನ್, ಪ್ರೊಸೆಕೊ, ನಾಸಿಕ್‌ನ ವೈನ್ ಎಲ್ಲ ಒಂದೇನಾ? ತೆಗೆಯುವ ರೀತಿ ಬೇರೆಯಾ?

ತೆಗೆಯುವ ರೀತಿ ಒಂದೇ. ಹೆಸರು ಮಾತ್ರ ಬೇರೆ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮಾಡಿದ್ದು ಮಾತ್ರ ಶಾಂಪೇನ್. ಪ್ರೊಸೆಕೊ ಇಟಲಿಯದು. ಅದರಲ್ಲಿ ಗುಳ್ಳೆ ಹುಟ್ಟುವುದು ಸಾಮಾನ್ಯವಾಗಿ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ, ಒತ್ತಡ ತುಸು ಕಮ್ಮಿ. ನಮ್ಮ ಅಂಗಡಿಗಳಲ್ಲಿ ಸಿಗುವ ನಾಸಿಕ್‌ನ ಸುಲಾ, ಶಾಂಡೊನ್ ಬ್ರಾಂಡಿನ ಬ್ರೂಟ್‌ಗಳು (ಸಿಹಿ ಕಮ್ಮಿ ಇರುವ ಬಗೆ) ಶಾಂಪೇನ್ ಮಾಡುವ ಹಾಗೆಯೇ ಬಾಟಲಿಯೊಳಗೇ ಎರಡನೇ ಸಲ ಹುಳಿ ಬಂದು ತಯಾರಾಗುವಂಥವು. ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ಕೂಡ ಸ್ಪಾರ್ಕ್ಲಿಂಗ್ ಮಾಡುತ್ತದೆ. ಬೆಲೆ ಕಮ್ಮಿ ಇರುವ ಬಾಟಲಿಗೆ ಒತ್ತಡವೂ ಕಮ್ಮಿ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಕಾರ್ಕಿನ ಬದಲು ಪ್ಲಾಸ್ಟಿಕ್ ಬಿರಡೆ ಇದ್ದರೆ ಇನ್ನಷ್ಟು ಹುಷಾರು, ಅದು ಸರ್ರನೆ ಜಾರುತ್ತದೆ.

ನಮ್ಮೂರು ಎತ್ತರದಲ್ಲಿದೆ. ಇಲ್ಲಿ ಕಾರ್ಕ್ ಜಾಸ್ತಿ ಜೋರಾಗಿ ಹಾರುತ್ತದಾ?

ಒಳ್ಳೆಯ ಪ್ರಶ್ನೆ. ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದವರು ಕೇಳಿಯೇ ಕೇಳುತ್ತಾರೆ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ತುಸು ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 0.1 ಬಾರ್ ಕಮ್ಮಿ. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ 0.2 ಬಾರ್ ಕಮ್ಮಿ ಇರಬಹುದು. ಒಳಗೆ 5, 6 ಬಾರ್ ಇರುವಾಗ ಇದು ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕೆ ಬರುವುದು ಬಿಸಿ ಮತ್ತು ಕುಲುಕಾಟ. ವೈನ್ ಬಿಸಿಯಾದಷ್ಟೂ ಗ್ಯಾಸ್ ಅದರಲ್ಲಿ ಕರಗಿ ಕೂರುವುದಿಲ್ಲ, ಮೇಲೆ ಬಂದು ಕಾರ್ಕನ್ನು ತಳ್ಳುತ್ತದೆ. ಫ್ರಿಡ್ಜಿನಿಂದ ತೆಗೆದ ಬಾಟಲಿಗೂ ಏಪ್ರಿಲ್ ಮಧ್ಯಾಹ್ನ ಕಡೂರಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಬಾಟಲಿಗೂ ಒತ್ತಡದಲ್ಲಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ ಆಗಬಹುದು. ಎತ್ತರವನ್ನು ಮರೆತುಬಿಡಿ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯನ್ನು ನೆನಪಿಟ್ಟುಕೊಳ್ಳಿ.

ಚಾರ್ಮಾಡಿ ಹತ್ತಿ ತಂದಿದ್ದೇವೆ, ಎಸ್ಟೇಟ್ ರಸ್ತೆಯಲ್ಲಿ ಜೀಪು ಚೆನ್ನಾಗಿ ಕುಲುಕಿದೆ. ತಕ್ಷಣ ತೆಗೆಯಬಹುದಾ?

ಬೇಡ. ಅಲುಗಾಡಿದ ವೈನಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು ತುಂಬಿಕೊಂಡಿರುತ್ತವೆ. ತೆಗೆದ ಕೂಡಲೇ ಆ ಗುಳ್ಳೆಗಳೆಲ್ಲ ಒಟ್ಟಿಗೆ ಹಿಗ್ಗಿ ಅರ್ಧ ಬಾಟಲಿ ನೊರೆಯಾಗಿ ನೆಲಕ್ಕೆ ಹೋಗುತ್ತದೆ. ಬಂದ ಕೂಡಲೇ ಫ್ರಿಡ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ರಾತ್ರಿ ಪೂರ್ತಿ ಬಿಡಿ. ಅಂದೇ ಬೇಕು ಅಂದರೆ ಮೂರು ನಾಲ್ಕು ಗಂಟೆಯಾದರೂ ಇರಲಿ. ಅಷ್ಟರಲ್ಲಿ ತಣ್ಣಗೂ ಆಗಿರುತ್ತದೆ, ಸಮಾಧಾನಕ್ಕೂ ಬಂದಿರುತ್ತದೆ.

ತರುವಾಗ ಹಿಂದಿನ ಸೀಟಿನ ಕಾಲಿನ ಜಾಗದಲ್ಲಿ, ಕಂಬಳಿಯಲ್ಲಿ ಸುತ್ತಿ ತನ್ನಿ. ಬೇಲೂರಿನಲ್ಲಿ ದೇವಸ್ಥಾನ ನೋಡಲು ಇಳಿಯುವವರು ಕಾರನ್ನು ನೆರಳಿಗೆ ಹಾಕಿ. ಇಷ್ಟೇ.

ಎಷ್ಟು ತಣ್ಣಗಿರಬೇಕು? ಚಳಿಗಾಲದಲ್ಲಿ ಹೊರಗೆ ಇಟ್ಟರೆ ಸಾಲದಾ?

ಸಾಲದು. 6ರಿಂದ 10 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಜನವರಿ ರಾತ್ರಿ ಎಷ್ಟೇ ಚಳಿ ಅನ್ನಿಸಿದರೂ ಜಗಲಿಯ ಮೇಲಿಟ್ಟ ಬಾಟಲಿ ಸಾಮಾನ್ಯವಾಗಿ ಅಷ್ಟು ಕೆಳಗೆ ಇಳಿಯುವುದಿಲ್ಲ. ತೋಟದ ಹಳ್ಳದ ನೀರೂ ಅಷ್ಟು ತಣ್ಣಗಿರುವುದಿಲ್ಲ, ನೋಡಲು ಚೆಂದ ಅಷ್ಟೇ.

ಫ್ರಿಡ್ಜಿಗಿಂತ ಬೇಗ ಆಗುವುದು ಬಕೆಟ್. ಅರ್ಧ ಐಸ್, ಅರ್ಧ ನೀರು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಇರುತ್ತದೆ, ಬಾಟಲಿಗೆ ತಂಪು ಸರಿಯಾಗಿ ತಾಗುವುದಿಲ್ಲ. ನೀರು ಸೇರಿಸಿದರೆ ಸುತ್ತಲೂ ಅಂಟಿಕೊಂಡು ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಎರಡು ಹಿಡಿ ಕಲ್ಲುಪ್ಪು ಹಾಕಿದರೆ ಇನ್ನೂ ಬೇಗ. ಬಕೆಟ್ ಎತ್ತರದ್ದು ನೋಡಿಕೊಳ್ಳಿ, ಬಾಟಲಿಯ ಕತ್ತಿನವರೆಗೂ ನೀರು ಬರಬೇಕು. ತುಂಬಾ ಜನ ಇಲ್ಲೇ ಎಡವುವುದು. ಕೆಳಗೆ ತಣ್ಣಗೆ, ಕತ್ತು ಬೆಚ್ಚಗೆ ಇದ್ದರೆ ತೆಗೆದಾಗ ಮೇಲಿನ ಭಾಗ ನೊರೆಯಾಗಿ ಉಕ್ಕುತ್ತದೆ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ಕರೆಂಟಿನ ಮೇಲೆ ಭರವಸೆ ಇಟ್ಟು ಪಾರ್ಟಿ ಇಟ್ಟುಕೊಳ್ಳುವವರು ನಮ್ಮ ಕಡೆಯವರೇ ಅಲ್ಲ. ಹಿಂದಿನ ದಿನವೇ ಐಸ್ ಮಾಡಿ ಥರ್ಮಾಕೋಲ್ ಡಬ್ಬಿಗೆ ತುಂಬಿಡಿ. ಐಸೂ ಇಲ್ಲ, ಫ್ರಿಡ್ಜೂ ಇಲ್ಲ ಅಂದರೆ ಆ ದಿನ ಬಾಟಲಿ ತೆಗೆಯಬೇಡಿ. ಬೆಚ್ಚಗಿನ ಸ್ಪಾರ್ಕ್ಲಿಂಗ್ ವೈನಿಗೆ ರುಚಿಯೂ ಇಲ್ಲ, ಅಪಾಯ ಜಾಸ್ತಿ.

ಫ್ರೀಜರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ?

ಹತ್ತು ನಿಮಿಷಕ್ಕೆ ಏನೂ ಆಗುವುದಿಲ್ಲ. ಆದರೆ ಯಾರೂ ಹತ್ತು ನಿಮಿಷಕ್ಕೆ ತೆಗೆಯುವುದಿಲ್ಲ, ಮರೆತುಬಿಡುತ್ತಾರೆ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ. ವೈನ್ ಮೈನಸ್ 5, 6ರ ಹೊತ್ತಿಗೆ ಗಟ್ಟಿಯಾಗಲು ಶುರುವಾಗಿ ಹಿಗ್ಗುತ್ತದೆ. ಕಾರ್ಕ್ ತಳ್ಳಿಕೊಂಡು ಬರಬಹುದು, ಬಾಟಲಿಯೇ ಒಡೆಯಬಹುದು. ಮರೆತು ಗಟ್ಟಿಯಾದ ಬಾಟಲಿ ಸಿಕ್ಕರೆ ಮುಖ ದೂರ ಇಟ್ಟು, ದಪ್ಪ ಟವೆಲಿನಲ್ಲಿ ಸುತ್ತಿ ಫ್ರಿಡ್ಜಿನ ಕೆಳಗಿನ ಖಾನೆಗೆ ಇಡಿ. ಬಿಸಿನೀರು ಹಾಕಬೇಡಿ.

ಸರಿ, ತೆಗೆಯುವುದು ಹೇಗೆ?

ಮೊದಲು ನಿಲ್ಲುವ ಜಾಗ. ಊಟದ ಮೇಜಿನ ಸುತ್ತ ಎಲ್ಲರೂ ಕೂತಿರುವಾಗ ನಡುವೆ ನಿಂತು ತೆಗೆಯಬೇಡಿ. ಒಂದು ಬದಿಗೆ ಹೋಗಿ. ಎದುರಿಗೆ ಜನ, ಮಕ್ಕಳು, ನಾಯಿ, ಟಿವಿ, ಕಿಟಕಿ ಗಾಜು, ಟ್ಯೂಬ್‌ಲೈಟ್ ಯಾವುದೂ ಇರಬಾರದು. ಖಾಲಿ ಗೋಡೆ ಇದ್ದರೆ ಒಳ್ಳೆಯದು. ವಿಡಿಯೋ ಮಾಡುವ ಭಾವನನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ.

ಬಕೆಟಿನಿಂದ ತೆಗೆದ ಬಾಟಲಿ ಒದ್ದೆ ಇರುತ್ತದೆ. ಚೆನ್ನಾಗಿ ಒರೆಸಿ. ಕೈ ಜಾರುವುದೇ ಅರ್ಧ ಅನಾಹುತಕ್ಕೆ ಕಾರಣ.

ಮೇಲಿನ ಬಣ್ಣದ ಹಾಳೆಯನ್ನು ಸುಲಿದು ತೆಗೆಯಿರಿ. ಕೆಳಗೆ ತಂತಿಯ ಬಲೆ ಕಾಣುತ್ತದೆ. ಈ ತಂತಿಗೆ 1844ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಅಡಾಲ್ಫ್ ಜಾಕ್ಸನ್. ಅದಕ್ಕೂ ಮೊದಲು ಕಾರ್ಕನ್ನು ದಾರದಲ್ಲಿ ಬಿಗಿದು ಕಟ್ಟುತ್ತಿದ್ದರು. ತಂತಿಗೆ ಕೈ ಹಾಕುವ ಮೊದಲೇ ಹೆಬ್ಬೆರಳು ಕಾರ್ಕಿನ ನೆತ್ತಿಯ ಮೇಲೆ ಇರಲಿ. ಅಲ್ಲಿಂದ ಕಾರ್ಕ್ ಕೈಗೆ ಬರುವವರೆಗೂ ಅಲ್ಲಿಂದ ಬೆರಳು ತೆಗೆಯುವ ಮಾತೇ ಇಲ್ಲ. ಫೋನ್ ಬಂತು, ಗ್ಲಾಸ್ ತರಬೇಕು ಅಂತ ತಂತಿ ಸಡಿಲಿಸಿದ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟು ಹೋಗುವುದು ಇದೆಯಲ್ಲ, ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಕಾರ್ಕ್ ತಾನಾಗಿಯೇ ಹಾರಬಹುದು. ಗ್ಲಾಸುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ.

ತಂತಿಯ ಕಿವಿಯನ್ನು ಸಾಮಾನ್ಯವಾಗಿ ಆರು ಅರೆಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಪೂರ್ತಿ ತೆಗೆಯಬೇಡಿ. ಕಾರ್ಕಿನ ಮೇಲೆ ಹಾಗೇ ಬಿಡಿ, ಹಿಡಿತ ಸಿಗುತ್ತದೆ. ಈಗ ಒಂದು ಟವೆಲನ್ನು ಕಾರ್ಕ್ ಮತ್ತು ಕತ್ತಿನ ಮೇಲೆ ಹೊದಿಸಿ, ಅದರ ಮೇಲಿನಿಂದ ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ. ಓರೆ ಮಾಡಿದರೆ ವೈನಿನ ಮೇಲ್ಮೈ ಅಗಲವಾಗುತ್ತದೆ, ನೊರೆ ಒಮ್ಮೆಲೇ ಕತ್ತಿಗೆ ನುಗ್ಗುವುದಿಲ್ಲ.

ಬಲಗೈಯಲ್ಲಿ ಬುಡ ಹಿಡಿದು ಬಾಟಲಿಯನ್ನು ತಿರುಗಿಸಿ. ಕಾರ್ಕನ್ನಲ್ಲ, ಬಾಟಲಿಯನ್ನು. ಕಾರ್ಕ್ ತಿರುಚಿದರೆ ತುಂಡಾಗಬಹುದು, ಹಿಡಿತವೂ ತಪ್ಪುತ್ತದೆ. ಸ್ವಲ್ಪ ತಿರುಗಿಸುವಾಗಲೇ ಕಾರ್ಕ್ ಮೇಲೆ ತಳ್ಳುವುದು ಕೈಗೆ ಗೊತ್ತಾಗುತ್ತದೆ. ಈಗ ಮಾಡಬೇಕಾದ್ದು ಎಳೆಯುವುದಲ್ಲ, ತಡೆಯುವುದು. ಅದು ಮೇಲೆ ಬರಲು ನೋಡುತ್ತಿರಲಿ, ನೀವು ಕೆಳಗೆ ಒತ್ತುತ್ತಿರಿ. ಕೊನೆಯ ಗಳಿಗೆಯಲ್ಲಿ ಕಾರ್ಕನ್ನು ಒಂದು ಬದಿಗೆ ತುಸು ವಾಲಿಸಿದರೆ ಸಂದಿನಿಂದ ಗ್ಯಾಸ್ "ಸ್ಸ್" ಎಂದು ಹೊರಗೆ ಹೋಗುತ್ತದೆ. ಕಾರ್ಕ್ ಟವೆಲಿನೊಳಗೇ ಕೈಗೆ ಬರುತ್ತದೆ. ಎರಡು ಮೂರು ಸೆಕೆಂಡ್ ಓರೆಯಲ್ಲೇ ಹಿಡಿದು ನಂತರ ನೆಟ್ಟಗೆ ಮಾಡಿ.

ನೊರೆ ಬಂದರೆ ಅಂಗೈಯಿಂದ ಬಾಯಿ ಮುಚ್ಚಬೇಡಿ, ಪಿಚಕಾರಿಯಾಗುತ್ತದೆ. ಓರೆಯಲ್ಲೇ ಇಟ್ಟು ಒಂದು ಗ್ಲಾಸಿಗೆ ಸ್ವಲ್ಪ ಸುರಿದುಬಿಡಿ.

ಎಡಗೈ ರೂಢಿಯವರು ಕೈ ಅದಲು ಬದಲು ಮಾಡಿಕೊಳ್ಳಿ. ಕನ್ನಡಕ ಇದ್ದವರು ಹಾಕಿಕೊಂಡೇ ತೆಗೆಯಿರಿ. ಮತ್ತೆ ಈಗಾಗಲೇ ಎರಡು ಪೆಗ್ ಹಾಕಿದವರಿಗೆ ಈ ಕೆಲಸ ಕೊಡಬೇಡಿ, ಅವರೇ ಮುಂದೆ ಬರುತ್ತಾರೆ, ಗೊತ್ತು.

ಕಾರ್ಕ್ ಬಿಗಿಯಾಗಿದೆ. ಬರುತ್ತಲೇ ಇಲ್ಲ. ಸ್ಕ್ರೂ ಹಾಕಿ ಎಳೆಯಲಾ?

ಖಂಡಿತ ಬೇಡ. ಸಾಧಾರಣ ವೈನಿನ ಸ್ಕ್ರೂ ಇದಕ್ಕಲ್ಲ. ಎಳೆಯುವಾಗ ಸ್ಕ್ರೂ, ಕಾರ್ಕ್ ಎರಡೂ ಒಟ್ಟಿಗೆ ಮುಖದ ಕಡೆ ಬರುತ್ತವೆ. ಚಾಕು, ಸ್ಕ್ರೂಡ್ರೈವರ್ ಕೂಡ ಬೇಡ. ಒಣ ಟವೆಲ್ ಅಥವಾ ಡಬ್ಬಿ ಮುಚ್ಚಳ ತೆಗೆಯುವ ರಬ್ಬರ್ ಹಾಳೆ ಹಾಕಿ ಹಿಡಿತ ಬಿಗಿ ಮಾಡಿ. ಬಾಟಲಿಯನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಇರಿ. ಮನೆಯಲ್ಲಿ ಕೈ ಗಟ್ಟಿ ಇರುವ ಇನ್ನೊಬ್ಬರಿಗೆ ಕೊಡುವುದಾದರೆ ಹೆಬ್ಬೆರಳಿನ ಕಾವಲು ತಪ್ಪದ ಹಾಗೆ ಕೊಡಿ. ಬಾಯಿಯನ್ನು ಬಗ್ಗಿ ನೋಡುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಕಾರ್ಕಿನ ತಲೆ ಮುರಿದು ಉಳಿದದ್ದು ಒಳಗೇ ಇದ್ದರೆ?

ಅದನ್ನು ಬಿಟ್ಟುಬಿಡಿ. ಒಳಗಿನ ತುಂಡಿನ ಹಿಂದೆ ಒತ್ತಡ ಹಾಗೇ ಇರುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಬಾಯಿಗೆ ದಪ್ಪ ಬಟ್ಟೆ ಬಿಗಿದು ಕಟ್ಟಿ, ಮಕ್ಕಳ ಕೈಗೆ ಸಿಗದ ತಣ್ಣನೆ ಜಾಗದಲ್ಲಿಟ್ಟು, ಕೊಂಡ ಅಂಗಡಿಯವರ ಜೊತೆ ಮಾತಾಡಿ. ಹೋಟೆಲ್ ಬಾರಿನಲ್ಲಿ ಕೆಲಸ ಮಾಡಿ ಅಭ್ಯಾಸ ಇರುವವರು ಪರಿಚಯ ಇದ್ದರೆ ಅವರಿಗೆ ಕೊಡಿ. ಸಾವಿರ, ಎರಡು ಸಾವಿರ ರೂಪಾಯಿ ವೈನಿಗಾಗಿ ಹಟ ಬೇಡ.

ಠಪ್ ಅನ್ನದಿದ್ದರೆ ಮಜಾ ಏನು? ರೇಸಿನಲ್ಲಿ ಕುಲುಕಿ ಚಿಮ್ಮಿಸುತ್ತಾರಲ್ಲ?

ಚಿಮ್ಮಿಸುವ ಈ ಚಾಳಿ ಶುರುವಾಗಿದ್ದು 1967ರಲ್ಲಿ, ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಡ್ಯಾನ್ ಗರ್ನಿಯಿಂದ. ನಮ್ಮದೂ ರ‍್ಯಾಲಿ ಊರು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಕಾರು ಓಡಿಸುವುದನ್ನು ನೋಡಿ ಬೆಳೆದ ಹುಡುಗರಿಗೆ ಬಾಟಲಿ ಕಂಡರೆ ಕೈ ತುರಿಸುತ್ತದೆ. ಆದರೆ ಅಲ್ಲಿ ವೇದಿಕೆ ಎತ್ತರದಲ್ಲಿರುತ್ತದೆ, ಜನ ದೂರ ಇರುತ್ತಾರೆ. ಅಷ್ಟಿದ್ದೂ ಗಿರ್ಮಾಯ್‌ಗೆ ಏನಾಯಿತು ನೋಡಿದಿರಿ. ನಿಮ್ಮ ಹಾಲಿನಲ್ಲಿ ಸೋಫಾ, ಅಜ್ಜಿ, ಫ್ಯಾನ್ ಇದ್ದಾರೆ.

ಇನ್ನೊಂದು ಮಾತು. ಸದ್ದು ಜೋರಾದಷ್ಟೂ ಗ್ಯಾಸ್ ಹೊರಗೆ ಹೋಗಿದೆ ಎಂದೇ ಅರ್ಥ. ದುಡ್ಡು ಕೊಟ್ಟಿದ್ದು ಆ ಗುಳ್ಳೆಗಳಿಗೆ ಅಲ್ವಾ? ಸದ್ದು ಬೇಕೇ ಬೇಕು ಅಂದರೆ ಟವೆಲಿನೊಳಗೆ ಕಾರ್ಕನ್ನು ಕೊನೆಯಲ್ಲಿ ತುಸು ಬೇಗ ಬಿಡಿ. ಸಣ್ಣ "ಠಪ್" ಬರುತ್ತದೆ, ಕಾರ್ಕ್ ಕೈಯಲ್ಲೇ ಇರುತ್ತದೆ.

ಕತ್ತಿಯಲ್ಲಿ ಹೊಡೆದು ಬಾಟಲಿಯ ತಲೆ ಹಾರಿಸುವ ವಿಡಿಯೋ ನೋಡಿದ್ದೇವೆ. ನಮ್ಮ ತೋಟದ ಕತ್ತಿಯಲ್ಲಿ ಆಗುತ್ತದಾ?

ತೋಟದ ಕತ್ತಿ ಮರಗಸಿಗೆ ಇರಲಿ. ವಿಡಿಯೋದಲ್ಲಿ ಗಾಜಿನ ಜೋಡಣೆಯ ಗೆರೆಯ ಮೇಲೆ ಜಾರಿಸಿ ಕತ್ತಿನ ಉಂಗುರಕ್ಕೆ ತಾಗಿಸುತ್ತಾರೆ, ಗಾಜೇ ಒಡೆದು ಕಾರ್ಕಿನ ಸಮೇತ ಹಾರುತ್ತದೆ. ಚೂಪು ಗಾಜು ಎಲ್ಲಿ ಹೋಗಿ ಬಿತ್ತು ಅಂತ ರಾತ್ರಿ ಅಂಗಳದಲ್ಲಿ ಹುಡುಕಲಾಗುವುದಿಲ್ಲ, ಬೆಳಿಗ್ಗೆ ಬರಿಗಾಲಲ್ಲಿ ಓಡಾಡುವವರಿಗೆ ಸಿಗುತ್ತದೆ. ಒಮ್ಮೊಮ್ಮೆ ಬಾಟಲಿ ಕೈಯಲ್ಲೇ ಸಿಡಿಯುತ್ತದೆ. ಹೋಮ್‌ಸ್ಟೇ ನಡೆಸುವವರು ಅತಿಥಿಗಳು ಕೇಳಿದರೂ ಒಪ್ಪಬೇಡಿ.

ಕಾರ್ಕ್ ಕಣ್ಣಿಗೆ ಬಡಿದರೆ ಮೊದಲು ಏನು ಮಾಡಬೇಕು?

ಉಜ್ಜಬೇಡಿ. ಒತ್ತಬೇಡಿ. ರೆಪ್ಪೆ ಬಿಡಿಸಿ ನೋಡಲು ಹೋಗಬೇಡಿ. ಐಸ್ ಕಟ್ಟಿ ಕಣ್ಣಿನ ಮೇಲೆ ಅದುಮಬೇಡಿ. ಹರಳೆಣ್ಣೆ, ರೋಸ್ ವಾಟರ್, ಎದೆಹಾಲು, ಹಳೆಯ ಕಣ್ಣಿನ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಗುಡ್ಡೆ ಸೀಳಿದ್ದರೆ ಇವೆಲ್ಲ ಒಳಗೆ ಹೋಗುತ್ತವೆ.

ಒಂದು ಪೇಪರ್ ಕಪ್ಪಿನ ತಳಭಾಗವನ್ನು ಕತ್ತರಿಸಿಕೊಂಡು, ಅದನ್ನು ಕಣ್ಣಿಗೆ ತಾಗದ ಹಾಗೆ, ಸುತ್ತಲಿನ ಮೂಳೆಯ ಮೇಲೆ ಕೂರುವ ಹಾಗೆ ಇಟ್ಟು ಟೇಪ್ ಹಾಕಿ. ತಲೆ ಎತ್ತರದಲ್ಲಿಟ್ಟು ಕೂರಿಸಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಆಪರೇಷನ್ ಬೇಕಾಗಬಹುದು. ನೋವಿಗೆ ಅಂತ ಆಸ್ಪಿರಿನ್ ಕೊಡಬೇಡಿ, ರಕ್ತ ಸುರಿಯುವುದು ಜಾಸ್ತಿಯಾಗುತ್ತದೆ. ನೇರ ಆಸ್ಪತ್ರೆಗೆ ಹೊರಡಿ. ಆಂಬ್ಯುಲೆನ್ಸಿಗೆ 108.

ತೋಟದ ಮನೆಗಳಿಂದ ಪೇಟೆಗೆ ಒಂದು ಗಂಟೆ, ಎರಡು ಗಂಟೆ ದಾರಿ ಇರುತ್ತದೆ. ಹಾಗಾಗಿ "ಬೆಳಿಗ್ಗೆ ನೋಡೋಣ" ಅನ್ನುವ ಮಾತು ಬರುತ್ತದೆ. ಬೆಳಿಗ್ಗೆವರೆಗೆ ಕಾಯಬೇಡಿ. ಹೊರಡುತ್ತಲೇ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿನ ಡಾಕ್ಟರ್ ಇದ್ದಾರಾ ಕೇಳಿ. ಇಲ್ಲದಿದ್ದರೆ ಹಾಸನದ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರಿಗೆ ಮಂಗಳೂರೂ ಆಗುತ್ತದೆ. ಹೊರಗೆ ಗಾಯ ಕಾಣದಿದ್ದರೂ, ನೋವು ಕಮ್ಮಿಯಾದರೂ ತೋರಿಸಲೇಬೇಕು. ಕಣ್ಣಿನ ಮುಂದೆ ಕಪ್ಪು ಚುಕ್ಕೆ ತೇಲುವುದು, ಮಿಂಚು ಕಾಣುವುದು, ಪರದೆ ಇಳಿದ ಹಾಗೆ ಆಗುವುದು ಕೆಲವು ದಿನ ಬಿಟ್ಟೂ ಶುರುವಾಗಬಹುದು.

ಯಾವ ಗ್ಲಾಸ್? ಸುರಿಯುವುದು ಹೇಗೆ?

ಉದ್ದನೆಯ ಕಿರಿದಾದ ಗ್ಲಾಸ್ ಇದ್ದರೆ ಗುಳ್ಳೆ ಏರುವುದು ಚೆನ್ನಾಗಿ ಕಾಣುತ್ತದೆ. ಮಾಮೂಲಿ ಬಿಳಿ ವೈನ್ ಗ್ಲಾಸ್ ಇದ್ದರೆ ವಾಸನೆ ಚೆನ್ನಾಗಿ ಸಿಗುತ್ತದೆ, ನನಗೆ ಅದೇ ಇಷ್ಟ. ಸ್ಟೀಲ್ ಲೋಟದಲ್ಲಿ ಕುಡಿದರೂ ಏನೂ ಆಗುವುದಿಲ್ಲ, ನೋಡುವ ಸುಖ ಇಲ್ಲ ಅಷ್ಟೇ. ಸೋಪಿನ ಅಂಶ ಉಳಿದಿದ್ದರೆ ಗುಳ್ಳೆ ಸಾಯುತ್ತದೆ, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಗ್ಲಾಸನ್ನು ಓರೆ ಹಿಡಿದು, ಬಿಯರ್ ಸುರಿಯುವ ಹಾಗೆ ಗೋಡೆಯ ಗುಂಟ ಸುರಿಯಿರಿ. ಹೀಗೆ ಸುರಿದರೆ ಗ್ಯಾಸ್ ಜಾಸ್ತಿ ಉಳಿಯುತ್ತದೆ ಎಂದು ಶಾಂಪೇನ್ ಪ್ರದೇಶದ ರೀಮ್ಸ್ ವಿಶ್ವವಿದ್ಯಾಲಯದವರೇ 2010ರಲ್ಲಿ ಅಳೆದು ಹೇಳಿದ್ದಾರೆ. ಮೊದಲು ಎರಡು ಬೆರಳು, ನೊರೆ ಇಳಿದ ಮೇಲೆ ಮುಕ್ಕಾಲಿನವರೆಗೆ.

ಒಂದು ಬಾಟಲಿ ಎಷ್ಟು ಜನಕ್ಕೆ?

125 ಮಿ.ಲೀ.ಯಂತೆ ಆರು ಗ್ಲಾಸ್. ಚಿಯರ್ಸ್ ಹೇಳಲು ಮಾತ್ರ ಅಂದರೆ ಎಂಟು ಹತ್ತು ಜನಕ್ಕೆ ಎಳೆಯಬಹುದು.

ದುಡ್ಡು ಕೊಟ್ಟು ತಂದೆವು. ಹುಳಿ ಹುಳಿ, ಸಿಹಿಯೇ ಇಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ, ಲೇಬಲ್ ನೋಡಿಲ್ಲ. ಬ್ರೂಟ್ ಅಂದರೆ ಲೀಟರಿಗೆ ಸಕ್ಕರೆ 12 ಗ್ರಾಮಿಗಿಂತ ಕಮ್ಮಿ. ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17 ಗ್ರಾಂ. ಡ್ರೈ ಅಂದರೆ ಸಿಹಿ ಇಲ್ಲದ್ದು, ಹಾಗಾಗಿ ಹೆಸರು ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಆದರೆ ಇದು ಬ್ರೂಟಿಗಿಂತ ತುಸು ಸಿಹಿ. ಡೆಮಿ ಸೆಕ್ ಅಂದರೆ 32ರಿಂದ 50 ಗ್ರಾಂ. ಅತ್ತೆ ಮಾವಂದಿರಿಗೆ, ಮೊದಲ ಸಲ ಕುಡಿಯುವವರಿಗೆ ಡೆಮಿ ಸೆಕ್ ಹಿಡಿಸುತ್ತದೆ.

ಬ್ರೂಟ್ ಜೊತೆ ಕೇಸರಿಬಾತ್, ಕೇಕ್ ತಿಂದರೆ ವೈನ್ ಇನ್ನೂ ಹುಳಿ ಅನ್ನಿಸುತ್ತದೆ. ಅದಕ್ಕೆ ಸರಿ ಹೊಂದುವುದು ಉಪ್ಪು, ಎಣ್ಣೆ ಇರುವ ತಿಂಡಿ. ಕೋಡುಬಳೆ, ಚಕ್ಕುಲಿ, ಬಜ್ಜಿ, ಕರಿದ ಮೀನು, ಹಲಸಿನಕಾಯಿ ಚಿಪ್ಸ್. ಎಣ್ಣೆಯ ಜಿಡ್ಡನ್ನು ಹುಳಿ ಮತ್ತು ಗುಳ್ಳೆ ಕತ್ತರಿಸುತ್ತವೆ. ಖಾರದ ಕೋಳಿ ಸಾರಿಗೆ ಮಾತ್ರ ಬೇಡ. ಖಾರ, ಗ್ಯಾಸ್ ಸೇರಿ ಬಾಯಿ ಉರಿಯುತ್ತದೆ, ವೈನಿನ ರುಚಿ ಗೊತ್ತೇ ಆಗುವುದಿಲ್ಲ.

ಅರ್ಧ ಉಳಿದಿದೆ. ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಟ್ಟರೆ ಗ್ಯಾಸ್ ಉಳಿಯುತ್ತದಂತೆ?

ಸುಮ್ನೆ ಕಥೆ. ಉಳಿಸುವುದು ಫ್ರಿಡ್ಜಿನ ತಂಪು, ಚಮಚ ಅಲ್ಲ. ಎರಡು ಕಿವಿ ಇರುವ, ಕತ್ತನ್ನು ಕಚ್ಚಿ ಹಿಡಿಯುವ ಸ್ಟಾಪರ್ ಸಿಗುತ್ತದೆ. ಅದನ್ನು ಹಾಕಿ ಫ್ರಿಡ್ಜಿನಲ್ಲಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ಗಾಳಿ ಎಳೆಯುವ ಪಂಪು ಬೇಡ, ಅದು ಗುಳ್ಳೆಯನ್ನೇ ಎಳೆದುಬಿಡುತ್ತದೆ. ಮೊದಲಿನ ಕಾರ್ಕ್ ಉಬ್ಬಿರುತ್ತದೆ, ವಾಪಸ್ ತುರುಕಲು ಆಗುವುದಿಲ್ಲ. ಬೇರೆ ಬಿರಡೆ ಸುಮ್ಮನೆ ಒತ್ತಿ ಇಟ್ಟರೆ ಫ್ರಿಡ್ಜ್ ಬಾಗಿಲು ತೆಗೆದಾಗ ಹಾರಿ ಬರಬಹುದು.

ಖಾಲಿ ಬಾಟಲಿಗೆ ನಮ್ಮ ಮನೆ ವೈನ್ ತುಂಬಬಹುದಾ?

ಈ ಪ್ರಶ್ನೆ ಮಲೆನಾಡಿನಲ್ಲಿ ಮಾತ್ರ ಬರುತ್ತದೆ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ ಅಂತ ಎಲ್ಲದರಲ್ಲೂ ವೈನ್ ಮಾಡುವ ಮನೆಗಳಿವೆ. ಅಪಾಯ ಬರುವುದು ಅವಸರದಲ್ಲಿ ಬಾಟಲಿಗೆ ತುಂಬಿದಾಗ. ಭರಣಿಯಲ್ಲಿ ಹುಳಿ ಬರುವುದು ಪೂರ್ತಿ ನಿಲ್ಲದಿದ್ದರೆ, ಅಥವಾ ತುಂಬುವಾಗ ರುಚಿಗೆ ಅಂತ ಮತ್ತೆ ಸಕ್ಕರೆ ಹಾಕಿದರೆ, ಯೀಸ್ಟ್ ಬಾಟಲಿಯೊಳಗೂ ಕೆಲಸ ಮುಂದುವರಿಸುತ್ತದೆ. ಗ್ಯಾಸಿಗೆ ಹೋಗಲು ದಾರಿ ಇಲ್ಲ. ಶಾಂಪೇನ್ ಮಾಡುವವರೂ ಇದನ್ನೇ ಬಳಸುತ್ತಾರೆ, ಆದರೆ ಅವರು ಸಕ್ಕರೆಯನ್ನು ಲೀಟರಿಗೆ ಸುಮಾರು 24 ಗ್ರಾಂ ಅಂತ ಅಳೆದು ಹಾಕುತ್ತಾರೆ, ದಪ್ಪ ಗಾಜಿನ ಹೊಸ ಬಾಟಲಿಯಲ್ಲಿ. ನಮ್ಮಲ್ಲಿ ಕೈ ಅಂದಾಜು.

ತೆಳು ಗಾಜಿನ ವಿಸ್ಕಿ ಬಾಟಲಿ, ಜ್ಯೂಸ್ ಬಾಟಲಿಗಳಲ್ಲಿ ಇಂಥ ವೈನ್ ತುಂಬಿ ಮುಚ್ಚಳ ಬಿಗಿದರೆ ಅಟ್ಟದಲ್ಲೇ ಸಿಡಿಯಬಹುದು. ದಪ್ಪ ಶಾಂಪೇನ್ ಬಾಟಲಿಯಾದರೂ ಒಮ್ಮೆ ಬಳಸಿ ಗೀರು ಬಿದ್ದಿದ್ದರೆ ನಂಬಬೇಡಿ. ಭರಣಿಯಲ್ಲಿ ಗುಳ್ಳೆ ಏಳುವುದು ನಿಂತು, ಮಡ್ಡಿ ಕೂತು, ತಿಳಿಯಾದ ಮೇಲೆಯೇ ತುಂಬಿ. ಮೊದಲ ಕೆಲವು ವಾರ ಮುಚ್ಚಳ ಸಡಿಲ ಇರಲಿ. ತಳದಲ್ಲಿ ಗುಳ್ಳೆ ಕಂಡ, ಮುಚ್ಚಳ ಉಬ್ಬಿದ ಬಾಟಲಿ ಇದ್ದರೆ ಅಲುಗಾಡಿಸದೆ, ದಪ್ಪ ಟವೆಲ್ ಹೊದಿಸಿ, ತಣ್ಣಗೆ ಮಾಡಿ, ಸಿಂಕಿನೊಳಗೆ ಮುಚ್ಚಳ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಮತ್ತೆ ಲೈಸೆನ್ಸ್ ಇಲ್ಲದೆ ಅತಿಥಿಗಳಿಗೆ ಮಾರುವುದು ಅಬಕಾರಿ ಕಾಯ್ದೆಯಲ್ಲಿ ತಪ್ಪು, "ಎಲ್ಲರೂ ಮಾರುತ್ತಾರೆ" ಅನ್ನುವುದು ಉತ್ತರ ಆಗುವುದಿಲ್ಲ.

ಮಕ್ಕಳಿಗೆ ತಂದ ಮದ್ಯವಿಲ್ಲದ ಸ್ಪಾರ್ಕ್ಲಿಂಗ್ ಜ್ಯೂಸ್ ಬಾಟಲಿಯನ್ನು ಮಕ್ಕಳೇ ತೆಗೆಯಬಹುದಾ?

ಬೇಡ. ಮದ್ಯ ಇಲ್ಲ, ಗ್ಯಾಸ್ ಇದೆ. ಕಾರ್ಕ್, ತಂತಿ ಇದ್ದರೆ ದೊಡ್ಡವರೇ ಇದೇ ರೀತಿ ತೆಗೆಯಬೇಕು.

ಒಂದೆರಡು ಗ್ಲಾಸ್ ಅಷ್ಟೇ. ವಾಪಸ್ ಗಾಡಿ ಓಡಿಸಬಹುದಾ?

ಇದರಲ್ಲಿ ಮದ್ಯ ಸುಮಾರು 12 ಪರ್ಸೆಂಟ್, ಸ್ಟ್ರಾಂಗ್ ಅಲ್ಲದ ಮಾಮೂಲಿ ಬಿಯರಿನ ಎರಡು ಪಟ್ಟಿಗೂ ಜಾಸ್ತಿ. ಸಿಹಿ ತಂಪು ಪಾನೀಯದ ಹಾಗೆ ಬೇಗ ಒಳಗೆ ಹೋಗುತ್ತದೆ, ಹೊಟ್ಟೆ ಖಾಲಿ ಇದ್ದರೆ ಬೇಗ ಏರುತ್ತದೆ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ರಾತ್ರಿ ಮಂಜು ಇಳಿದ ಮೇಲೆ ಗಿರಿ ರಸ್ತೆಯಲ್ಲಿ, ಘಾಟಿಯಲ್ಲಿ ಪೊಲೀಸರಿಗಿಂತ ತಿರುವಿಗೆ ಹೆದರಬೇಕು. ನೆಂಟರಿಗೆ ಹಾಸಿಗೆ ಹಾಕಿ ಕೊಡಿ.

ಮಾವನ ಕಾಲದ ಬಾಟಲಿಯೊಂದು ಬೀರುವಿನಲ್ಲಿ ಹಾಗೇ ಇದೆ. ತೆಗೆಯಬಹುದಾ?

ಹತ್ತಿಪ್ಪತ್ತು ವರ್ಷ ಬೀರುವಿನ ಬೆಚ್ಚಗೆ ಇದ್ದಿದ್ದರೆ ರುಚಿ ಹೋಗಿರುತ್ತದೆ, ಬಣ್ಣ ಕಂದಾಗಿರುತ್ತದೆ. ಗ್ಯಾಸ್ ಹೋಗಿದೆ ಅಂತ ಮಾತ್ರ ನಂಬಬೇಡಿ. ನಮ್ಮ ಮಳೆಗಾಲದ ತೇವಕ್ಕೆ ತಂತಿ ತುಕ್ಕು ಹಿಡಿದಿರುತ್ತದೆ, ಮುಟ್ಟಿದ ಕೂಡಲೇ ತುಂಡಾಗಬಹುದು. ಅದಕ್ಕೇ ಬೀರುವಿನಿಂದ ತೆಗೆಯುವಾಗಲೇ ಟವೆಲ್ ಹೊದಿಸಿ, ಒಂದು ದಿನ ಫ್ರಿಡ್ಜಿನಲ್ಲಿಟ್ಟು, ಆಮೇಲೆ ಮೇಲೆ ಹೇಳಿದ ಹಾಗೆಯೇ ತೆಗೆಯಿರಿ. ಮೂಸಿ ನೋಡಿ. ಚೆನ್ನಾಗಿಲ್ಲದಿದ್ದರೆ ಸಿಂಕಿಗೆ ಸುರಿದು, ಬಾಟಲಿಯನ್ನು ಬೇಕಾದರೆ ನೆನಪಿಗೆ ಇಟ್ಟುಕೊಳ್ಳಿ.